ಹೆಬ್ಬೆರಳುದ್ದದ ರಬ್ಬರಿಗಾಗಿ ಜೀಪು ಮಾರಬೇಡಿ

ನಮ್ಮ ಪತ್ರಿಕೆಯಲ್ಲಿ ಶೇಂಗಾ, ರಾಗಿ, ಹುಣಸೆ, ಕುರಿ, ಕೃಷಿಹೊಂಡ ಎಲ್ಲದರ ಬಗ್ಗೆಯೂ ರೈತರು ಬರೆದಿದ್ದಾರೆ. ಹೊಲಕ್ಕೂ ಮನೆಗೂ ಸಂತೆಗೂ ನಮ್ಮನ್ನು ಹೊತ್ತು ತಿರುಗುವ ಹಳೇ ಜೀಪಿನ ಬಗ್ಗೆ ಮಾತ್ರ ಬರೆದವರು ಕಡಿಮೆ. ಎತ್ತಿನ ಕಾಲಿಗೆ ಲಾಳ ಕಟ್ಟಿಸುವುದು ಗೊತ್ತು, ಕುಂಟೆಯ ಕುಳ ಬಡಿಸುವುದು ಗೊತ್ತು. ಗಾಡಿಯ ಕೆಳಗೆ ಏನಿದೆ ಎಂದು ಬಗ್ಗಿ ನೋಡುವುದು ಮಾತ್ರ ನಮಗೆ ರೂಢಿಯಿಲ್ಲ.

ಕಳೆದ ನಾಲ್ಕೈದು ವರ್ಷದಲ್ಲಿ ನಮ್ಮ ಚಳ್ಳಕೆರೆ ಸೀಮೆಯ ಹಳ್ಳಿಗಳಲ್ಲಿ ನನಗೆ ಗೊತ್ತಿದ್ದಂತೆಯೇ ಆರು ಜೀಪು ಮಾರಿಹೋದವು. ಕೇಳಿದರೆ ಎಲ್ಲರದೂ ಒಂದೇ ಮಾತು: "ಗಾಡಿ ಅಲ್ಲಾಡ್ತೈತಣ್ಣ, ಸ್ಟೇರಿಂಗ್ ನಿಲ್ಲಲ್ಲ, ಕಟಕಟ ಅಂತೈತೆ, ಇನ್ನೇನು ಉಳಿದಿಲ್ಲ." ಅದರಲ್ಲಿ ಮೂರು ಗಾಡಿಯ ಕೆಳಗೆ ನಾನೇ ಮಲಗಿ ನೋಡಿದ್ದೇನೆ. ಇಂಜಿನ್ ಚೆನ್ನಾಗಿತ್ತು, ಗೇರುಪೆಟ್ಟಿಗೆ ಚೆನ್ನಾಗಿತ್ತು. ಹೋಗಿದ್ದದ್ದು ಸ್ಪ್ರಿಂಗಿನ ಕಿವಿಯೊಳಗೆ ಕೂರುವ ಬುಷ್ಷು, ಹೆಬ್ಬೆರಳುದ್ದದ ರಬ್ಬರು. ಅಷ್ಟಕ್ಕೆ ಗುಜರಿ ಬೆಲೆಗೆ ಗಾಡಿ ಕೊಟ್ಟು, ಸಾಲ ಮಾಡಿ ಹೊಸದು ತಂದು, ಈಗ ತಿಂಗಳ ಕಂತಿಗೆ ಪರದಾಡುತ್ತಿದ್ದಾರೆ.

ಹಾಗಂತ ನಾನೇನೂ ಹುಟ್ಟಾ ಜಾಣನಲ್ಲ. ನನಗೂ ಈ ಬುದ್ಧಿ ಬಂದದ್ದು ಒಂದು ದಿನ ಜೀವ ಬಾಯಿಗೆ ಬಂದ ಮೇಲೆ. ಅದನ್ನೇ ಮೊದಲು ಹೇಳುತ್ತೇನೆ.

ಕೆರೆ ಏರಿಯ ಮೇಲೆ ಆದದ್ದು

ನನ್ನದು ಎಂಎಂ 540. ಮಹೀಂದ್ರದವರು ಈ ಮಾದರಿ ಬಿಟ್ಟದ್ದು 1985ರಲ್ಲಿ. ನನ್ನ ಗಾಡಿ 1994ರದು, ಕೈ ಬದಲಾಗಿ ನನ್ನ ಹತ್ತಿರ ಬಂದದ್ದು 2009ರಲ್ಲಿ. ನಮ್ಮ ಹೊಲದ ದಾರಿ ಅರ್ಧ ಕಲ್ಲು, ಅರ್ಧ ಎರೆ. ಮಳೆ ಬಿದ್ದರೆ ನಾಲ್ಕು ಚಕ್ರಕ್ಕೂ ಇಂಜಿನ್ನಿನ ಎಳೆತ ಇರುವ ಗಾಡಿ ಬಿಟ್ಟು ಬೇರೆ ಯಾವುದೂ ಒಳಗೆ ಹೋಗಲ್ಲ.

2022 ಎಲ್ಲರಿಗೂ ನೆನಪಿರಬೇಕು. 1933ರ ನಂತರ ಮೊದಲ ಸಲ ವಾಣಿವಿಲಾಸ ಸಾಗರ ಕೋಡಿ ಬಿದ್ದ ವರ್ಷ. ಬರದ ಸೀಮೆಯವರಾದ ನಾವು ಅತ್ತದ್ದೂ ಆಯಿತು, ಬಾಗಿನ ಬಿಟ್ಟದ್ದೂ ಆಯಿತು. ಹಳ್ಳ ಹರಿದು ಹೊಲದ ದಾರಿಗಳೆಲ್ಲ ಕಿತ್ತುಹೋಗಿದ್ದವು. ಆ ಅಕ್ಟೋಬರಿನಲ್ಲಿ ಶೇಂಗಾ ಕೀಳಿಸಲು ಪಕ್ಕದ ಊರಿಂದ ಒಂಬತ್ತು ಜನ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಬರುತ್ತಿದ್ದೆ. ಅಷ್ಟು ಜನ ತುಂಬಿದ್ದು ತಪ್ಪು. ಅದನ್ನೂ ಒಪ್ಪಿಕೊಂಡೇ ಬರೆಯುತ್ತೇನೆ.

ಕೆರೆ ಏರಿಯ ತಿರುವಿನಲ್ಲಿ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ಹಾಕಿದೆ. ಗಾಡಿ ನಿಲ್ಲುವ ಬದಲು ಕೈಲಿದ್ದ ಸ್ಟೇರಿಂಗನ್ನೇ ಕಿತ್ತುಕೊಂಡು ಎಡಕ್ಕೆ, ನೀರಿನ ಕಡೆಗೆ ಎಳೆಯಿತು. ಏರಿಯ ಅಂಚಿನಲ್ಲಿದ್ದ ಜಾಲಿ ಮರಕ್ಕೆ ಬಂಪರ್ ತಾಗಿ ನಿಂತಿತು. ಮುಂದಿನ ಎಡ ಚಕ್ರದ ಅರ್ಧ ಭಾಗ ಏರಿಯಿಂದ ಆಚೆ ಇತ್ತು. ಆ ವರ್ಷ ಕೆರೆ ಭರ್ತಿ. ಹಿಂದೆ ಕೂತಿದ್ದ ಮುದುಕಿಯೊಬ್ಬಳು ಇಳಿದು ಬಂದು, "ಅಣ್ಣಾ, ನಾವು ನಡಕಂಡೇ ಬರ್ತೀವಿ" ಅಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಇದು ದಿಢೀರನೆ ಬಂದ ರೋಗವಲ್ಲ. ಅದಕ್ಕೆ ಒಂದು ವರ್ಷ ಮೊದಲಿಂದಲೇ ಗಾಡಿ ಕೂಗಿ ಹೇಳುತ್ತಿತ್ತು. ಬ್ರೇಕ್ ಹಾಕಿದರೆ ಕೆಳಗೆ "ಟಕ್" ಅನ್ನೋದು, ಗೇರು ಹಾಕಿ ಬಿಟ್ಟರೆ ಮತ್ತೆ "ಟಕ್". ಒಂದು ಗ್ಯಾರೇಜಿಗೆ ಬಿಟ್ಟೆ. ಮೊದಲು ಪ್ರೊಪೆಲ್ಲರ್ ಕ್ರಾಸ್ ಹೋಗಿದೆ ಅಂದರು, ಹಾಕಿಸಿದೆ: 1,850 ರೂಪಾಯಿ. ಆಮೇಲೆ ಸ್ಟೇರಿಂಗ್ ಬಾಕ್ಸ್ ಬಿಚ್ಚಿದರು: 4,500. ಮುಂದಿನ ಟೈರು ಒಂದೇ ಕಡೆ ಸವೆಯುತ್ತಿದ್ದವು, ಎರಡು ಹೊಸ ಟೈರು: 9,200. ಒಟ್ಟು 15,550 ರೂಪಾಯಿ ಕೊಟ್ಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂಗಾಯಿತು. ಟಕ್ ಅನ್ನೋ ಸದ್ದು ಹಾಗೇ ಇತ್ತು.

ಏರಿಯ ಮೇಲಿಂದ ಗಾಡಿಯನ್ನು ನಿಧಾನಕ್ಕೆ ತಂದು, ಲಾರಿ ಸ್ಪ್ರಿಂಗ್ ಕೆಲಸ ಮಾಡುವ ಒಬ್ಬ ಹಳೇ ಮೇಸ್ತ್ರಿಯ ಮುಂದೆ ನಿಲ್ಲಿಸಿದೆ. ಅವರು ಬಾನೆಟ್ ಎತ್ತಲೇ ಇಲ್ಲ. ಗೋಣಿಚೀಲ ಹಾಸಿ ಕೆಳಗೆ ತೂರಿ, ಸ್ಪ್ರಿಂಗಿನ ಕಿವಿಯ ಪಕ್ಕಕ್ಕೆ ಹಾರೆ ಕೊಟ್ಟು ಒಂದು ಸಲ ಮೀಟಿದರು. ಕಿವಿ ಅರ್ಧ ಇಂಚು ಹಿಂದಕ್ಕೂ ಮುಂದಕ್ಕೂ ಓಡಾಡಿತು.

"ಯಜಮಾನ್ರೇ, ರಬ್ಬರೇ ಇಲ್ಲ ಇದ್ರಾಗೆ. ಬೋಲ್ಟು ಕಬ್ಬಿಣದ ಮ್ಯಾಲೇ ಕುಂತೈತೆ. ಎಷ್ಟು ದಿನದಿಂದ ಓಡಿಸ್ತಾ ಇದೀರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಎರಡೂ ಸ್ಪ್ರಿಂಗಿನ ಆರು ಬುಷ್ಷು, ಬೋಲ್ಟು, ನಟ್ಟು ಸೇರಿ 780 ರೂಪಾಯಿ. ಮೇಸ್ತ್ರಿಯ ಕೂಲಿ 700. ಒಟ್ಟು 1,480ಕ್ಕೆ ಗಾಡಿ ನೆಟ್ಟಗಾಯಿತು. 15,550 ಎಲ್ಲಿ, 1,480 ಎಲ್ಲಿ! ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡಿದ್ದೆ.

ಬುಷ್ಷಿನ ಕೆಲಸ ಏನು

ಎತ್ತಿನ ಗಾಡಿಗೆ ಕಡಾಣಿ ಎಷ್ಟು ಮುಖ್ಯವೋ ಜೀಪಿಗೆ ಬುಷ್ಷು ಅಷ್ಟು ಮುಖ್ಯ. ಹಳೇ ಜೀಪಿನಲ್ಲಿ ಮುಂದೆ ಎರಡು, ಹಿಂದೆ ಎರಡು ಬ್ಲೇಡ್ ಸೆಟ್ಟು, ಅಂದರೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು ಇರುತ್ತದೆ. ಅಚ್ಚನ್ನು ಅಂದರೆ ಆಕ್ಸಲನ್ನು ಚಾಸಿಗೆ ಹಿಡಿದಿರುವುದು ಈ ಕಟ್ಟುಗಳೇ. ಅತೀ ಮೇಲಿನ ಪಟ್ಟಿಗೆ ಮೇನ್ ಬ್ಲೇಡ್ ಎನ್ನುತ್ತಾರೆ. ಅದರ ಎರಡೂ ತುದಿ ಸುತ್ತಿ ಕಿವಿಯಾಗಿರುತ್ತದೆ.

ಗುಂಡಿಗೆ ಇಳಿದಾಗ ಕಮಾನು ಚಪ್ಪಟೆಯಾಗುತ್ತದೆ. ಚಪ್ಪಟೆಯಾದರೆ ಉದ್ದ ಹೆಚ್ಚುತ್ತದೆ. ಎರಡೂ ತುದಿಯನ್ನು ಬಿಗಿಯಾಗಿ ಕಟ್ಟಿಬಿಟ್ಟರೆ ಪಟ್ಟಿ ಮುರಿಯುತ್ತದೆ. ಅದಕ್ಕೇ ಒಂದು ತುದಿಯನ್ನು ಬೋಲ್ಟಿನಿಂದ ಚಾಸಿಗೆ ನಿಲ್ಲಿಸಿ, ಇನ್ನೊಂದು ತುದಿಯನ್ನು ಶ್ಯಾಕಲ್ ಎಂಬ ಜೋಡಿ ಪಟ್ಟಿಗೆ ತೂಗುಹಾಕುತ್ತಾರೆ. ತೊಟ್ಟಿಲ ಸರಪಳಿಯಂತೆ ಶ್ಯಾಕಲ್ಲು ಹಿಂದೆ ಮುಂದೆ ಆಡುತ್ತದೆ. ನನ್ನ ಗಾಡಿಯಲ್ಲಿ ಒಂದೊಂದು ಸ್ಪ್ರಿಂಗಿಗೆ ಮೂರು ಕಡೆ ಬುಷ್ಷು ಇದೆ: ನಿಂತ ತುದಿಯಲ್ಲಿ ಒಂದು, ಶ್ಯಾಕಲ್ಲಿನ ಕೆಳಗೆ ಒಂದು, ಮೇಲೆ ಒಂದು. ನಾಲ್ಕು ಸ್ಪ್ರಿಂಗಿಗೆ ಹನ್ನೆರಡು.

ಬೋಲ್ಟಿಗೂ ಕಿವಿಗೂ ನಡುವೆ ಕೂತು ಏಟನ್ನು ನುಂಗುವುದು ರಬ್ಬರು. ಅದು ಸವೆದು ಹೋದರೆ ಬೋಲ್ಟಿನ ಮೇಲೆ ಕಿವಿ ಸಡಿಲವಾಗುತ್ತದೆ. ಆಗ ಆಕ್ಸಲ್ಲೇ ಓಡಾಡುತ್ತದೆ. ಸ್ಟೇರಿಂಗ್ ಬಾಕ್ಸ್ ಇರುವುದು ಚಾಸಿಯ ಮೇಲೆ, ಚಕ್ರ ಇರುವುದು ಆಕ್ಸಲ್ಲಿನ ತುದಿಯಲ್ಲಿ, ಎರಡನ್ನೂ ಕೂಡಿಸಿರುವುದು ಒಂದು ರಾಡು. ಆಕ್ಸಲ್ ಜರುಗಿದರೆ ನೀವು ತಿರುಗಿಸದೇ ಇದ್ದರೂ ಚಕ್ರ ತಿರುಗುತ್ತದೆ. ನನ್ನ ಗಾಡಿಯಲ್ಲಿ ಎಡಗಡೆ ಬುಷ್ಷು ಪೂರ್ತಿ ಹೋಗಿತ್ತು. ಬ್ರೇಕ್ ಹಾಕಿದ ಕೂಡಲೇ ಎಡ ಚಕ್ರ ಹಿಂದಕ್ಕೆ ಸರಿದು, ಆಕ್ಸಲ್ ಓರೆಯಾಗಿ, ಗಾಡಿ ಎಡಕ್ಕೆ ಹೋಯಿತು. ಕೆರೆ ಇದ್ದದ್ದೂ ಎಡಕ್ಕೇ.

ಹೋಗಿದೆ ಎಂದು ತಿಳಿಯುವುದು ಹೇಗೆ

ಇದಕ್ಕೆ ಯಾವ ಯಂತ್ರವೂ ಬೇಡ. ಕಣ್ಣು, ಕಿವಿ, ಒಂದು ಹಾರೆ ಸಾಕು.

ಒಂದು, ಸದ್ದು. ಬ್ರೇಕ್ ಹಾಕಿದಾಗ ಒಂದು ಏಟು, ಮುಂದಕ್ಕೆ ಬಿಟ್ಟಾಗ ಒಂದು ಏಟು. ಸಣ್ಣ ಸಣ್ಣ ಉಬ್ಬಿನ ಮೇಲೆ ಕಟಕಟ. ಪ್ರೊಪೆಲ್ಲರ್ ಕ್ರಾಸ್ ಹೋದರೂ ಇಂಥದೇ ಸದ್ದು ಬರುತ್ತದೆ. ಆದ್ದರಿಂದ ಎರಡನ್ನೂ ನೋಡಿದ ಮೇಲೇ ದುಡ್ಡು ಬಿಚ್ಚಿ.

ಎರಡು, ಓಟ. ನೆಟ್ಟಗಿನ ರಸ್ತೆಯಲ್ಲೂ ಸ್ಟೇರಿಂಗನ್ನು ಸಣ್ಣಗೆ ಆಚೀಚೆ ತಿದ್ದುತ್ತಲೇ ಇರಬೇಕಾಗುತ್ತದೆ. ಹಿಂದಿನಿಂದ ನೋಡುವವರಿಗೆ ಗಾಡಿ ಓರೆಯಾಗಿ ಹೋದಂತೆ ಕಾಣಿಸುತ್ತದೆ.

ಮೂರು, ಗುರುತು. ಸ್ಪ್ರಿಂಗಿನ ಕಿವಿಯ ಪಕ್ಕದಲ್ಲಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಹೊಳೆಯುತ್ತಿರುತ್ತದೆ. ಕೆಂಪಗೆ ತುಕ್ಕಿನ ಪುಡಿ ಉದುರಿರುತ್ತದೆ. ರಬ್ಬರು ಒಂದು ಕಡೆ ಹಿಂಡಿಕೊಂಡು ಹೊರಗೆ ಬಂದಿರುತ್ತದೆ. ಬೋಲ್ಟು ಕಿವಿಯ ನಡುಮಧ್ಯ ಇರದೆ ಒಂದು ಪಕ್ಕಕ್ಕೆ ವಾಲಿರುತ್ತದೆ.

ನಾಲ್ಕು, ಹಾರೆಯ ಪರೀಕ್ಷೆ. ಚಕ್ರಕ್ಕೆ ಕಲ್ಲು ಕೊಟ್ಟು ಗಾಡಿ ಅಲ್ಲಾಡದಂತೆ ನಿಲ್ಲಿಸಿ, ಕಿವಿಗೂ ಅದನ್ನು ಹಿಡಿದಿರುವ ಬ್ರಾಕೆಟ್ಟಿಗೂ ನಡುವೆ ಹಾರೆ ಕೊಟ್ಟು ಮೀಟಿ. ಚೆನ್ನಾಗಿರುವ ರಬ್ಬರು ಕೊಂಚ ಬಿಟ್ಟುಕೊಟ್ಟು ತಿರುಗಿ ತನ್ನ ಜಾಗಕ್ಕೆ ಬರುತ್ತದೆ. ಹೋಗಿರುವುದು ಸಡಿಲವಾಗಿ "ಟಕ್" ಎಂದು ಓಡಾಡುತ್ತದೆ.

ಬದಲಿಸುವ ಕ್ರಮ

ಮುಂದಿನದನ್ನು ಮೇಸ್ತ್ರಿ ಮಾಡುವಾಗ ಪಕ್ಕದಲ್ಲೇ ಕೂತು ಪಾನಾ ಎತ್ತಿಕೊಡುತ್ತಾ ನೋಡಿದೆ. ಹಿಂದಿನದನ್ನು ನಾನೂ ಮಗನೂ ಮನೆಯಲ್ಲೇ ಮಾಡಿದೆವು. ಏಳನೇ ಕ್ಲಾಸು ಓದಿದ ನಾನು ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದು. ಆದರೆ ಅವಸರ ಮಾಡಬಾರದು.

ಹಿಂದಿನ ದಿನ ಸಂಜೆಯೇ ಬೋಲ್ಟು ನಟ್ಟಿನ ಮಣ್ಣನ್ನು ತಂತಿ ಬ್ರಷ್‌ನಲ್ಲಿ ತೆಗೆದು ಡೀಸೆಲ್ಲೋ ತುಕ್ಕು ಬಿಡಿಸುವ ಎಣ್ಣೆಯೋ ಹಾಕಿ ಬಿಡಿ. ಬೆಳಗ್ಗೆ ಗಟ್ಟಿ ಸಮನೆಲದಲ್ಲಿ ಗಾಡಿ ನಿಲ್ಲಿಸಿ. ಕಣದ ಗಟ್ಟಿ ನೆಲವಾದರೂ ಆಗುತ್ತದೆ, ಉತ್ತ ಹೊಲ ಬೇಡ. ಕೆಲಸ ಇಲ್ಲದ ಕಡೆಯ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಡಿ. ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡು ಅಥವಾ ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಭಾರ ಅದರ ಮೇಲೆ ಕೂರಿಸಿ. ಜಾಕ್ ಒಂದನ್ನೇ ನಂಬಿ ಕೆಳಗೆ ತೂರಬೇಡಿ. ಇಟ್ಟಿಗೆ, ಸೈಜುಗಲ್ಲು ಜೋಡಿಸುವುದೂ ಬೇಡ. ಭಾರ ಬಿದ್ದಾಗ ಅವು ಹೇಳದೆ ಕೇಳದೆ ಒಡೆಯುತ್ತವೆ.

ಒಂದು ಸಲಕ್ಕೆ ಒಂದೇ ಸ್ಪ್ರಿಂಗ್ ಬಿಚ್ಚಿ. ಇನ್ನೊಂದು ಕಡೆ ಕಟ್ಟಿದ್ದರೆ ಆಕ್ಸಲ್ ಜಾಗ ತಪ್ಪುವುದಿಲ್ಲ. ಆಕ್ಸಲ್ಲಿನ ಕೆಳಗೆ ಬೇರೊಂದು ಜಾಕ್ ಇಟ್ಟು ಸ್ಪ್ರಿಂಗಿನ ಮೇಲೆ ಭಾರವೂ ಇರದಂತೆ, ಆಕ್ಸಲ್ ನೇತಾಡಿ ಬ್ರೇಕಿನ ಪೈಪು ಎಳೆಯದಂತೆ ಹೊಂದಿಸಿ. ಬುಷ್ಷು ಬದಲಿಸಲು ಯು ಬೋಲ್ಟನ್ನು ಮುಟ್ಟುವ ಅಗತ್ಯ ಇಲ್ಲ. ಶ್ಯಾಕಲ್ಲಿನ ನಟ್ಟು ಬಿಚ್ಚಿ, ಆಮೇಲೆ ನಿಂತ ತುದಿಯ ಬೋಲ್ಟು ಹೊಡೆದು ತೆಗೆಯಿರಿ.

ಬೋಲ್ಟು ತುಕ್ಕು ಹಿಡಿದು ಕೂತಿದ್ದರೆ ಗ್ಯಾಸ್ ಹಚ್ಚಿ ಕಾಯಿಸಲು ಹೋಗಬೇಡಿ. ನಮ್ಮ ಊರಲ್ಲೇ ಒಬ್ಬರು ಹೀಗೆ ಕೆಂಪಗೆ ಕಾಯಿಸಿ ತೆಗೆಸಿದರು. ಕಿವಿಯ ಉಕ್ಕು ತನ್ನ ಹದ ಕಳೆದುಕೊಂಡು ಐದಾರು ತಿಂಗಳಲ್ಲಿ ಮೇನ್ ಬ್ಲೇಡೇ ಕತ್ತರಿಸಿತು. ಕಿವಿಗೂ ಬ್ರಾಕೆಟ್ಟಿಗೂ ನಡುವಿನ ಸಂದಿಯಲ್ಲಿ ಹ್ಯಾಕ್ಸಾ ಬ್ಲೇಡು ಹಾಕಿ ಬೋಲ್ಟನ್ನು ಕೊಯ್ಯಬೇಕು. ಬೆವರು ಬರುತ್ತದೆ, ಆದರೆ ಬೋಲ್ಟು ಮಾತ್ರ ಹಾಳಾಗುತ್ತದೆ, ಸ್ಪ್ರಿಂಗ್ ಉಳಿಯುತ್ತದೆ.

ಬುಷ್ಷು ಎರಡು ತುಂಡಿನದಾಗಿದ್ದರೆ ಕೈಯಲ್ಲೇ ಕಿತ್ತು ಬರುತ್ತದೆ. ಹೊರಗಡೆ ತಗಡಿನ ಕೊಳವೆ ಇರುವುದಾದರೆ ಕಿವಿಗೆ ಬಿಗಿಯಾಗಿ ಹಿಡಿದಿರುತ್ತದೆ. ಒಳಗಿನ ರಬ್ಬರನ್ನು ಕಿತ್ತು, ಹ್ಯಾಕ್ಸಾ ಬ್ಲೇಡನ್ನು ಕಿವಿಯೊಳಗೆ ತೂರಿಸಿ ಆ ಕೊಳವೆಯನ್ನು ಒಂದು ಕಡೆ ಉದ್ದಕ್ಕೆ ಸೀಳಿ, ಚಾಣದಿಂದ ಒಳಕ್ಕೆ ಮಡಿಸಿದರೆ ಸಡಿಲವಾಗುತ್ತದೆ. ಗರಗಸದ ಹಲ್ಲು ಕಿವಿಗೆ ಗಾಯ ಮಾಡಬಾರದು. ಗಾಯವಾದ ಜಾಗದಿಂದಲೇ ಬಿರುಕು ಶುರುವಾಗುತ್ತದೆ. ರಬ್ಬರು ಸುಟ್ಟು ತೆಗೆಯುವವರೂ ಇದ್ದಾರೆ. ಪಕ್ಕದಲ್ಲೇ ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು ಇರುವಾಗ ಬೆಂಕಿಯ ಸಹವಾಸ ಬೇಡ.

ಕಿವಿಯ ಒಳಗಡೆ ಎಮರಿ ಹಾಳೆಯಲ್ಲಿ ಉಜ್ಜಿ, ದುಂಡಗಿದೆಯೋ ಇಲ್ಲವೋ ನೋಡಿ. ಬೋಲ್ಟು ತಿಂದು ತಿಂದು ಮೊಟ್ಟೆಯಾಕಾರವಾಗಿದ್ದರೆ ಹೊಸ ಬುಷ್ಷು ನಿಲ್ಲುವುದಿಲ್ಲ, ಮೇನ್ ಬ್ಲೇಡನ್ನೇ ಬದಲಿಸಬೇಕು. ಅದಕ್ಕೆ ವೆಲ್ಡಿಂಗ್ ಮಾಡಿಸಬೇಡಿ. ಸ್ಪ್ರಿಂಗ್ ಉಕ್ಕಿಗೆ ವೆಲ್ಡಿಂಗ್ ಬಿದ್ದರೆ ಆ ಜಾಗ ಗಾಜಿನಂತಾಗಿ ಮುರಿಯುತ್ತದೆ.

ಹೊಸ ಬುಷ್ಷು ಕೂರಿಸಲು ಸುತ್ತಿಗೆ ಬೇಡ. ಒಂದು ಉದ್ದನೆಯ ಬೋಲ್ಟು, ಎರಡು ದಪ್ಪ ವಾಷರು, ಕಿವಿಗಿಂತ ಸ್ವಲ್ಪ ಅಗಲದ ಪೈಪಿನ ತುಂಡು ತಗೊಳ್ಳಿ. ಬುಷ್ಷು ಒಂದು ಕಡೆ, ಪೈಪು ಇನ್ನೊಂದು ಕಡೆ ಇಟ್ಟು ಬೋಲ್ಟು ತೂರಿಸಿ ನಟ್ಟು ತಿರುಗಿಸುತ್ತಾ ಹೋದರೆ ಬುಷ್ಷು ತಾನಾಗಿ ಒಳಗೆ ಸರಿಯುತ್ತದೆ. ಜಾರಲು ಸೋಪಿನ ನೀರು ಸಾಕು. ಎಡದ ಬುಷ್ಷು ಹೋಗಿದ್ದರೆ ಬಲದ್ದನ್ನೂ ಜೊತೆಗೇ ಬದಲಿಸಿ. ಬೋಲ್ಟು ನಟ್ಟು ಹೊಸದೇ ಇರಲಿ.

ನಾನು ಮಾಡಿದ ಎರಡು ತಪ್ಪು

2023ರ ಬೇಸಿಗೆಯಲ್ಲಿ ಹಿಂದಿನ ಬುಷ್ಷುಗಳನ್ನು ಹಾಕಿ, "ಮೇಸ್ತ್ರಿಗೆ ಕೊಡೋ ಕೂಲಿ ಉಳೀತು" ಎಂದು ಮೀಸೆ ತಿರುವಿದೆ. ನಾಲ್ಕೇ ತಿಂಗಳಿಗೆ ಅವು ಹರಿದುಹೋದವು. ಅಂಗಡಿಯವನು ನಕಲಿ ಮಾಲು ಕೊಟ್ಟ ಎಂದು ಬೈದುಕೊಂಡು ಮೇಸ್ತ್ರಿಗೆ ತೋರಿಸಿದರೆ ಅವರು ನಕ್ಕರು.

"ಮಾಲು ಚೆನ್ನಾಗೈತೆ ಯಜಮಾನ್ರೇ. ನಟ್ಟು ಬಿಗಿ ಮಾಡುವಾಗ ಗಾಡಿ ಎಲ್ಲಿತ್ತು?"

"ಜಾಕ್ ಮ್ಯಾಲಿತ್ತು."

"ಅದೇ ತೆಪ್ಪು."

ಅವರು ವಿವರಿಸಿ ಹೇಳಿದ್ದು ಇದು. ಈ ರಬ್ಬರು ಬೋಲ್ಟಿನ ಮೇಲೆ ಜಾರುವುದಿಲ್ಲ, ತನ್ನೊಳಗೇ ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿದ್ದಾಗ ಸ್ಪ್ರಿಂಗ್ ಪೂರ್ತಿ ಬಾಗಿರುತ್ತದೆ. ಆಗ ಬಿಗಿ ಮಾಡಿದರೆ, ಗಾಡಿ ಇಳಿಸಿದ ಕೂಡಲೇ ರಬ್ಬರು ತಿರುಚಿಕೊಂಡು ಹಾಗೇ ಇರುತ್ತದೆ. ಅದರ ಮೇಲೆ ರಸ್ತೆಯ ಏಟು. ಒದ್ದೆ ಬಟ್ಟೆ ಹಿಂಡಿ ಹಿಂಡಿ ಹರಿದಂತೆ ಹರಿಯುತ್ತದೆ. ಆದ್ದರಿಂದ ನಟ್ಟನ್ನು ಬೆರಳಲ್ಲಿ ತಿರುಗುವಷ್ಟೇ ಹಾಕಿ, ಚಕ್ರ ಕಟ್ಟಿ, ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಮಾರು ಹಿಂದೆ ಮುಂದೆ ತಳ್ಳಿ, ಬಂಪರ್ ಹಿಡಿದು ಮೂರು ನಾಲ್ಕು ಸಲ ಕುಲುಕಿ, ಗಾಡಿ ತನ್ನ ಸಹಜ ಎತ್ತರಕ್ಕೆ ಕೂತ ಮೇಲೆ ಬಿಗಿ ಮಾಡಬೇಕು. ಈ ಒಂದು ಮಾತಿಗಾಗಿ ಇಡೀ ಲೇಖನ ಬರೆದೆ ಎಂದು ತಿಳಿದರೂ ಅಡ್ಡಿಯಿಲ್ಲ. ಇದನ್ನು ತಪ್ಪು ಮಾಡುವ ಗ್ಯಾರೇಜುಗಳನ್ನೂ ನಾನು ನೋಡಿದ್ದೇನೆ.

ಎರಡನೇ ತಪ್ಪು, ಗ್ರೀಸು. ಗಾಡಿ ಕೀಲಿಗೆ ಎಣ್ಣೆ ಬಿಡುವ ಅಭ್ಯಾಸ ನಮಗೆ ಹುಟ್ಟಿನಿಂದ ಬಂದದ್ದು. ಹೊಸ ಬುಷ್ಷಿಗೂ ಮೆತ್ತಿದ್ದೆ. ಎಣ್ಣೆ, ಗ್ರೀಸು, ಡೀಸೆಲ್ ಸೋಕಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಇಂಜಿನ್ನಿನಿಂದ ಆಯಿಲ್ ಸೋರಿ ಬುಷ್ಷಿನ ಮೇಲೆ ಬೀಳುತ್ತಿದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಆಮೇಲೆ ಬುಷ್ಷು ಹಾಕಿ. ತೀರಾ ಹಳೇ ಜೀಪುಗಳಲ್ಲಿ ಮರೆ ಇರುವ ಕಬ್ಬಿಣದ ಬುಷ್ಷು, ಯು ಆಕಾರದ ಶ್ಯಾಕಲ್ಲು ಇರುತ್ತಿದ್ದವು. ಅದಕ್ಕೆ ಗ್ರೀಸು ಬೇಕೇ ಬೇಕು. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ.

2024ರ ಮಾರ್ಚಿಯಲ್ಲಿ ಮತ್ತೆ ಹಾಕಿದೆವು, ಈ ಸಲ ಕ್ರಮವಾಗಿ. ಅವು ಈಗಲೂ ಗಟ್ಟಿಯಾಗಿವೆ. ಹಾಕಿದ ಮೇಲೆ ಇನ್ನೂರು ಕಿಲೋಮೀಟರು ಓಡಿಸಿ ಎಲ್ಲ ನಟ್ಟು, ಯು ಬೋಲ್ಟು ಸೇರಿದಂತೆ, ಒಮ್ಮೆ ಪಾನಾ ಹಾಕಿ ನೋಡುವುದನ್ನು ಮರೆಯಬಾರದು.

ರಬ್ಬರೋ, ನೈಲಾನೋ, ಹಿತ್ತಾಳೆಯೋ

ಲೇತ್ ಅಂಗಡಿಯವರು "ನೈಲಾನಿಂದು ಮಾಡಿಕೊಡ್ತೀವಿ, ಜನ್ಮಕ್ಕೆ ಸವೆಯಲ್ಲ" ಅನ್ನುತ್ತಾರೆ. ಪಾಲಿಯುರಿಥೇನ್ ಎಂಬ ಗಟ್ಟಿ ರಬ್ಬರಿನಂಥ ಬುಷ್ಷೂ ಬಂದಿದೆ. ಅವು ಬಾಳಿಕೆ ಬರುವುದು ನಿಜ. ಆದರೆ ಏಟನ್ನು ನುಂಗುವುದು ಕಡಿಮೆ. ನುಂಗದ ಏಟು ಚಾಸಿಯ ಬ್ರಾಕೆಟ್ಟಿಗೂ ಕೂತವರ ಸೊಂಟಕ್ಕೂ ಹೋಗುತ್ತದೆ. ಒಂದು ಚಕ್ರ ಬದುವಿನ ಮೇಲೆ, ಇನ್ನೊಂದು ಸಾಲಿನಲ್ಲಿ ಇರುವಾಗ ಸ್ಪ್ರಿಂಗ್ ಓರೆಯಾಗಿ ತಿರುಚಬೇಕು, ಗಟ್ಟಿ ಬುಷ್ಷು ಅದಕ್ಕೆ ಒಗ್ಗುವುದಿಲ್ಲ. ಹಿತ್ತಾಳೆ ಬುಷ್ಷಿಗೆ ಮೇಲಿಂದ ಮೇಲೆ ಗ್ರೀಸು ಹೊಡೆಯುತ್ತಿರಬೇಕು. ನಮ್ಮ ಧೂಳು ಆ ಗ್ರೀಸಿಗೆ ಸೇರಿದರೆ ಅದೇ ಮಸೆಯುವ ಕಲ್ಲಾಗಿ ಬೋಲ್ಟನ್ನು ತಿನ್ನುತ್ತದೆ. ಟ್ಯೂಬಿನ ಪಟ್ಟಿ ಸುತ್ತಿ ತುರುಕುವವರೂ ಇದ್ದಾರೆ. ಅದು ಒಂದು ಸಂತೆಯಿಂದ ಇನ್ನೊಂದು ಸಂತೆಗೆ ಬರುವುದಿಲ್ಲ. ನನ್ನ ಮಟ್ಟಿಗೆ ಕಂಪನಿಯ ರಬ್ಬರೇ ಮೇಲು. ಹತ್ತಿಪ್ಪತ್ತು ರೂಪಾಯಿ ಕಡಿಮೆಗೆ ಸಿಗುವ ಗುರುತಿಲ್ಲದ ಮಾಲು ಬೇಡ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ.

ಇಟ್ಟುಕೊಳ್ಳುವುದೋ, ಮಾರುವುದೋ

"ಹಳೇ ಗಾಡಿಗೆ ಯಾಕಪ್ಪ ಇಷ್ಟು ಒದ್ದಾಡ್ತೀಯ, ಹೊಸದು ತಗೊಳೋಣ" ಎಂದು ನನ್ನ ಮಗನೂ ಅಂದಿದ್ದ. ಅವನ ಮಾತಿನಲ್ಲೂ ನ್ಯಾಯ ಇದೆ. ಚಾಸಿಯೇ ತುಕ್ಕು ತಿಂದು ಬಿರುಕು ಬಿಟ್ಟಿದ್ದರೆ, ಇಂಜಿನ್ ಹೊಗೆ ಕಾರುತ್ತಿದ್ದರೆ ಮಾರುವುದೇ ಸರಿ. ಸ್ವಂತ ಗಾಡಿಗೆ 15 ವರ್ಷ ಆದ ಮೇಲೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕವೂ ಏರಿದೆ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಮಳೆ ನಂಬಿ ಬೇಸಾಯ ಮಾಡುವವರಿಗೆ ತಿಂಗಳ ಕಂತು ಎಂಬುದು ಕೊರಳಿಗೆ ಉರುಳು. ನಮಗೆ ದುಡ್ಡು ಬರುವುದು ವರ್ಷಕ್ಕೆ ಒಂದು ಸಲ, ಬಂದರೆ. ಕಂತು ಮಾತ್ರ ತಿಂಗಳು ತಿಂಗಳೂ ಬಾಗಿಲಿಗೆ ಬರುತ್ತದೆ. ಮೂರು ವರ್ಷದಲ್ಲಿ ಒಂದು ವರ್ಷ ಬೆಳೆ ಕೈಕೊಟ್ಟರೂ ಗಾಡಿ ಅವರದು, ಸಾಲ ನಮ್ಮದು. ಹೊಸ ಗಾಡಿಯ ಒಂದು ಕಂತಿನ ದುಡ್ಡಿನಲ್ಲಿ ಹನ್ನೆರಡು ಬುಷ್ಷೂ ಬದಲಾಗಿ ಮಿಕ್ಕುತ್ತದೆ. ಆದ್ದರಿಂದ ಮಾರುವ ಮುಂಚೆ ಒಂದು ಸಲ ಕೆಳಗೆ ಮಲಗಿ ನೋಡಿ. ರೋಗ ಯಾವುದು ಎಂದು ತಿಳಿದ ಮೇಲೆ ಮಾರುವುದಾದರೆ ಮಾರಿ, ಆಗಲಾದರೂ ಸರಿಯಾದ ಬೆಲೆ ಸಿಗುತ್ತದೆ. ವ್ಯಾಪಾರಿಗೆ ಬುಷ್ಷು ಹೋಗಿರುವುದು ಗೊತ್ತಿರುತ್ತದೆ, ನಮಗೆ ಗೊತ್ತಿರುವುದಿಲ್ಲ. ಅವನ ಲಾಭ ಇರುವುದೇ ಅಲ್ಲಿ.

"ಇದೆಲ್ಲ ಮೆಕ್ಯಾನಿಕ್ ಕೆಲಸ, ರೈತನಿಗೇಕೆ?" ಎಂದು ಕೇಳುವವರಿದ್ದಾರೆ. ಬ್ರೇಕು, ಸ್ಟೇರಿಂಗ್ ಬಾಕ್ಸು, ಗೇರುಪೆಟ್ಟಿಗೆಗೆ ಕೈ ಹಾಕಿ ಎಂದು ನಾನೂ ಹೇಳುವುದಿಲ್ಲ. ಅದು ಬಲ್ಲವರ ಕೆಲಸ. ಬುಷ್ಷು ನಿಮ್ಮ ಕೈಯಲ್ಲಿ ಆಗದಿದ್ದರೆ ಮೇಸ್ತ್ರಿಗೇ ಕೊಡಿ, ಅವರೂ ಬದುಕಬೇಕು. ಆದರೆ ಹೋಗಿದೆಯೋ ಇಲ್ಲವೋ ಎಂದು ನೋಡಿ ತಿಳಿಯುವುದು ಮಾಲೀಕನ ಕೆಲಸ. ದನ ಮೇವು ಬಿಟ್ಟರೆ ಡಾಕ್ಟರು ಬರುವ ಮುಂಚೆ ನಾವೇ ಕಿವಿ ಮುಟ್ಟಿ, ಸಗಣಿ ನೋಡಿ ಅರ್ಧ ತಿಳಿಯುತ್ತೇವೆ. ಗಾಡಿಗೂ ಅಷ್ಟು ಮಾಡಬಾರದೇ?

ಒಂದು ಸಲಹೆ

ಯುಗಾದಿ ಹೊತ್ತಿಗೆ ನೇಗಿಲು, ಕುಂಟೆ, ಕೂರಿಗೆ ಎಲ್ಲ ಸರಿ ಮಾಡಿಕೊಳ್ಳುತ್ತೇವೆ. ಅದೇ ವಾರದಲ್ಲಿ ಜೀಪಿನ ಕೆಳಗೂ ಒಂದು ಸಲ ಹಾರೆ ಹಿಡಿದು ಮಲಗಿ. ಆಯುಧಪೂಜೆಗೆ ಬಾನೆಟ್ಟಿಗೆ ಹೂವು ಏರಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡೆಯುತ್ತೇವೆ. ನಿಂಬೆಹಣ್ಣು ಇಡಲು ಬಗ್ಗಿದಾಗ ಇನ್ನೊಂದು ಗೇಣು ಬಗ್ಗಿ ಸ್ಪ್ರಿಂಗಿನ ಕಿವಿ ನೋಡಿದರೆ ಪೂಜೆ ಪೂರ್ತಿಯಾಗುತ್ತದೆ.

ಇನ್ನೊಂದು ಮಾತು. ಒಳ್ಳೆಯ ಜಾಕು, ಎರಡು ಜೊತೆ ಸ್ಟ್ಯಾಂಡು, ದೊಡ್ಡ ಪಾನಾಗಳು ಒಬ್ಬೊಬ್ಬರೇ ಕೊಳ್ಳುವುದು ಕಷ್ಟ. ನಮ್ಮ ಊರಲ್ಲಿ ಜೀಪು, ಟ್ರ್ಯಾಕ್ಟರ್ ಇರುವ ಏಳು ಜನ ಸೇರಿ ಕಳೆದ ವರ್ಷ ಇವನ್ನು ಕೊಂಡು ಒಬ್ಬರ ಮನೆಯಲ್ಲಿ ಇಟ್ಟಿದ್ದೇವೆ. ಬೇಕಾದವರು ಒಯ್ದು, ಒರೆಸಿ ತಂದು ಇಡಬೇಕು, ಅಷ್ಟೇ ನಿಯಮ. ಬೇರೆ ಊರುಗಳಲ್ಲೂ ಹೀಗೆ ಮಾಡಬಹುದು. ಕಮಾಂಡರ್, ಮೇಜರ್ ಇಟ್ಟುಕೊಂಡವರು ತಮ್ಮ ಅನುಭವವನ್ನೂ ಪತ್ರಿಕೆಗೆ ಬರೆಯಲಿ. ಅವರ ತಪ್ಪು ಓದಿದರೆ ನನ್ನ ದುಡ್ಡು ಉಳಿಯುತ್ತದೆ.

ಈಗ ಕೂಲಿಗೆ ಬರುವವರನ್ನು ನಾನು ಎರಡು ಸಲ ಹೋಗಿ ಕರೆತರುತ್ತೇನೆ, ಒಂದು ಸಲಕ್ಕೆ ಐದು ಜನರಿಗಿಂತ ಹೆಚ್ಚು ಕೂರಿಸುವುದಿಲ್ಲ. ಡೀಸೆಲ್ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ, ಆಗಲಿ. ಆ ದಿನ ನಡೆದೇ ಹೋದ ಅಜ್ಜಿ ಎರಡು ವರ್ಷ ನನ್ನ ಜೀಪು ಹತ್ತಿರಲಿಲ್ಲ. ಹೋದ ಸುಗ್ಗಿಯಲ್ಲಿ ಹತ್ತಿದಳು. ಏರಿಯ ತಿರುವಿನಲ್ಲಿ ನಾನು ಬೇಕೆಂದೇ ಬ್ರೇಕ್ ಹಾಕಿ ನಿಲ್ಲಿಸಿದೆ. ಗಾಡಿ ನೆಟ್ಟಗೆ ನಿಂತಿತು. "ಈಗ ಸಮ ಐತೆ ಬುಡಣ್ಣ, ನಡಿ" ಅಂದಳು.